ಹೌದೆಂದ ಗೆಳೆಯ, ಇಲ್ಲವೆಂದ ಗೆಳೆಯ

ಹುಟ್ಟಿದ ದೇಶದಲ್ಲೇ ಬಾಳುವವರಿಗೆ ದೇಶನಿಷ್ಠೆ ಎಂಬುದು ಅಷ್ಟೇನೂ ಕಠಿಣವಾದ ಪ್ರಶ್ನೆಯಲ್ಲ. ಹೊಟ್ಟೆಪಾಡಿಗಾಗಿ ಸಮುದ್ರ ದಾಟಿ ಹೋಗಿ, ಅಲ್ಲೇ ಮನೆ ಮಾಡಿ, ಮಕ್ಕಳನ್ನು ಅಲ್ಲಿನ ಶಾಲೆಗೆ ಕಳಿಸಿದವರ ಪಾಡು ಬೇರೆ. ಎರಡು ದೇಶಗಳು ಸ್ನೇಹದಿಂದಿರುವ ತನಕ ಅವರಿಗೆ ಎರಡು ಮನೆ. ಆ ದೇಶಗಳು ಯುದ್ಧಕ್ಕೆ ನಿಂತ ದಿನ, ತವರಿಗೂ ಅತ್ತೆಮನೆಗೂ ಜಗಳ ಬಿದ್ದಾಗ ಸೊಸೆಗೆ ಒದಗುವ ಸ್ಥಿತಿಯೇ ಅವರಿಗೂ ಒದಗುತ್ತದೆ. ನೀನು ಯಾರ ಕಡೆ ಎಂದು ಎರಡೂ ಕಡೆಯವರು ಕೇಳುತ್ತಾರೆ.

ಕಿರುತೆರೆಯ ಅರ್ಧ ಗಂಟೆಯ ಮಾತುಕತೆಯಲ್ಲಿ ಇಂಥ ವಿಷಯದ ಮೇಲ್ಪದರವನ್ನಷ್ಟೇ ಮುಟ್ಟಲು ಸಾಧ್ಯ. ಆದ್ದರಿಂದ ವಿದ್ಯಾರ್ಥಿ ಮಿತ್ರರಿಗಾಗಿ ಇಲ್ಲಿ ಒಂದೇ ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಅದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿದ್ದ ಜಪಾನೀಯರ ಉದಾಹರಣೆ. ಅಮೆರಿಕದ ಸರ್ಕಾರ ಅವರನ್ನು ಶಿಬಿರಗಳಲ್ಲಿ ಕೂಡಿಹಾಕಿತೆಂಬುದನ್ನು ನಿಮ್ಮಲ್ಲಿ ಕೆಲವರು ಓದಿರಬಹುದು. ಆ ಶಿಬಿರಗಳೊಳಗೆ ಒಂದೇ ಬೀದಿಯಲ್ಲಿ ಆಡಿ ಬೆಳೆದ ಗೆಳೆಯರು ಒಬ್ಬರ ಮುಖ ಒಬ್ಬರು ನೋಡದಂತಾದರು. ಅದು ಹೇಗಾಯಿತು ಎಂಬುದು ಅಷ್ಟು ಪ್ರಚಾರಕ್ಕೆ ಬಂದ ಸಂಗತಿಯಲ್ಲ.

ಯುದ್ಧ ಬಂದಾಗ ವೈರಿ ದೇಶದ ಪ್ರಜೆಗಳನ್ನು ಹಿಡಿದಿಡುವುದು ಆಗಲೇ ರೂಢಿಯಲ್ಲಿದ್ದ ಕ್ರಮ. ಅದರ ಬಿಸಿ ನಮ್ಮ ಕರಾವಳಿಗೂ ತಟ್ಟಿತ್ತು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದ ಮೇಲೆ ಮಂಗಳೂರು, ಧಾರವಾಡಗಳ ಕಡೆ ಇದ್ದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಬಂಧಿಸಿ, ಮುಂದೆ ಅವರವರ ದೇಶಕ್ಕೆ ಸಾಗಿಸಿದರು. ಕನ್ನಡ ಕಲಿತು, ಕನ್ನಡದಲ್ಲಿ ಪುಸ್ತಕ ಅಚ್ಚು ಹಾಕಿಸಿದ ಸಂಸ್ಥೆ ಅದು. ಅದರ ಹೆಂಚಿನ ಕಾರ್ಖಾನೆಗಳು ಕೊನೆಗೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಆದರೆ ಆ ಪಾದ್ರಿಗಳು ಕಾಯಿದೆಯ ಪ್ರಕಾರ ಜರ್ಮನಿಯ ಪ್ರಜೆಗಳೇ ಆಗಿದ್ದರು. ಅಮೆರಿಕದ ಜಪಾನೀಯರ ವಿಷಯ ಹಾಗಲ್ಲ. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ನೆಲದಲ್ಲೇ ಹುಟ್ಟಿದ, ಅಮೆರಿಕದ ಪ್ರಜೆಗಳು.

ಇಸೆಯಿ ಮತ್ತು ನಿಸೆಯಿ

ಜಪಾನಿ ಭಾಷೆಯಲ್ಲಿ ಒಂದು, ಎರಡು ಎನ್ನಲು ಇಚಿ, ನಿ ಎನ್ನುತ್ತಾರೆ. ಅದರಿಂದ ಬಂದ ಹೆಸರುಗಳು ಇಸೆಯಿ, ನಿಸೆಯಿ. ಜಪಾನಿನಿಂದ ವಲಸೆ ಬಂದ ಮೊದಲ ತಲೆಮಾರು ಇಸೆಯಿ; ಅಮೆರಿಕದಲ್ಲಿ ಹುಟ್ಟಿದ ಅವರ ಮಕ್ಕಳು ನಿಸೆಯಿ. ನಿಸೆಯಿಗಳಲ್ಲೇ ಕೆಲವರನ್ನು ತಂದೆತಾಯಿಯರು ಚಿಕ್ಕಂದಿನಲ್ಲಿ ಜಪಾನಿಗೆ, ಅಜ್ಜನ ಮನೆಗೋ ಚಿಕ್ಕಪ್ಪನ ಮನೆಗೋ ಕಳಿಸಿ ಓದಿಸಿದ್ದರು. ಹಾಗೆ ಹೋಗಿ ಮರಳಿದವರಿಗೆ ಕಿಬೆಯಿ ಎಂಬ ಬೇರೆ ಹೆಸರೇ ಇತ್ತು.

1885ರಿಂದ ಜಪಾನೀಯರು ದೊಡ್ಡ ಸಂಖ್ಯೆಯಲ್ಲಿ ಹವಾಯಿ ದ್ವೀಪಗಳ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದರು. ಅನಂತರ ಕ್ಯಾಲಿಫೋರ್ನಿಯ, ಆರೆಗನ್, ವಾಷಿಂಗ್ಟನ್ ರಾಜ್ಯಗಳಿಗೆ ಬಂದು ರೈಲುಹಾದಿ, ಮೀನುಗಾರಿಕೆ, ತರಕಾರಿ ಬೇಸಾಯಗಳಲ್ಲಿ ನೆಲೆಯೂರಿದರು. ಎಷ್ಟು ವರ್ಷ ದುಡಿದರೂ ಇಸೆಯಿಗಳು ಅಮೆರಿಕದ ಪ್ರಜೆಗಳಾಗುವಂತಿರಲಿಲ್ಲ. ಅರ್ಜಿ ಹಾಕಿ ಪ್ರಜೆಯಾಗುವ ಹಕ್ಕು ಬಿಳಿಯರಿಗೂ ಆಫ್ರಿಕ ಮೂಲದವರಿಗೂ ಮಾತ್ರ ಎಂದು ಕಾಯಿದೆಯಿತ್ತು. 1922ರಲ್ಲಿ ಟಕಾವೊ ಒಜಾವ ಎಂಬ ಜಪಾನೀಯರು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಮರುವರ್ಷ, 1923ರಲ್ಲಿ, ಅದೇ ಕೋರ್ಟು ನಮ್ಮ ಪಂಜಾಬಿನ ಭಗತ್ ಸಿಂಗ್ ತಿಂದ್ ಅವರಿಗೂ ಅದೇ ಉತ್ತರ ಕೊಟ್ಟಿತು. ತಿಂದ್ ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದವರು. ಭಾರತೀಯರಿಗೆ ಈ ಬಾಗಿಲು ತೆರೆದದ್ದು 1946ರಲ್ಲಿ, ಜಪಾನೀಯರಿಗೆ 1952ರಲ್ಲಿ. 1913ರ ಕ್ಯಾಲಿಫೋರ್ನಿಯದ ಕಾಯಿದೆಯಂತೆ, ಪ್ರಜೆಯಾಗಲು ಅರ್ಹತೆಯಿಲ್ಲದವರು ಜಮೀನು ಕೊಳ್ಳುವಂತೆಯೂ ಇರಲಿಲ್ಲ. ಅನೇಕರು ಅಲ್ಲೇ ಹುಟ್ಟಿದ ಎಳೆಯ ಮಕ್ಕಳ ಹೆಸರಿಗೆ ಜಮೀನು ಮಾಡಿಸಿದರು.

ಈ ವಿವರವನ್ನು ನೆನಪಿಟ್ಟುಕೊಳ್ಳಿ. ಒಂದೇ ಮನೆಯಲ್ಲಿ ಅಪ್ಪ ಅಮ್ಮ ಜಪಾನಿನ ಪ್ರಜೆಗಳು, ಮಕ್ಕಳು ಅಮೆರಿಕದ ಪ್ರಜೆಗಳು. ಅಪ್ಪ ಹೊಸ ದೇಶವನ್ನು ಎಷ್ಟು ಪ್ರೀತಿಸಿದರೂ ಆ ದೇಶ ಅವನನ್ನು ತನ್ನವನೆಂದು ಬರೆದುಕೊಳ್ಳಲು ಸಿದ್ಧವಿರಲಿಲ್ಲ.

1941ರ ಡಿಸೆಂಬರ್ 7ರಂದು ಜಪಾನಿನ ವಿಮಾನಗಳು ಹವಾಯಿಯ ಪರ್ಲ್ ಹಾರ್ಬರಿನ ಮೇಲೆ ಬಾಂಬು ಸುರಿದವು. ಅಂದು ರಾತ್ರಿಯಿಂದಲೇ ಗುಪ್ತ ಪೊಲೀಸರು ಮನೆಮನೆಗೆ ಬಂದು ಇಸೆಯಿ ಮುಖಂಡರನ್ನು, ಜಪಾನಿ ಶಾಲೆಯ ಮೇಷ್ಟ್ರುಗಳನ್ನು, ಬೌದ್ಧ ಪುರೋಹಿತರನ್ನು ಹಿಡಿದೊಯ್ದರು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066ನೆಯ ಸಂಖ್ಯೆಯ ಆಜ್ಞೆಗೆ ಸಹಿ ಹಾಕಿದರು. ಅದರ ಬಲದಿಂದ ಪಶ್ಚಿಮ ಕರಾವಳಿಯ ಸುಮಾರು 1,20,000 ಜನರನ್ನು, ಹಸುಗೂಸು, ಮುದುಕ ಎಂಬ ಭೇದವಿಲ್ಲದೆ, ಕೈಯಲ್ಲಿ ಹೊರಬಹುದಾದಷ್ಟು ಸಾಮಾನಿನೊಂದಿಗೆ ಮನೆ ಬಿಡಿಸಲಾಯಿತು. ಮೊದಲು ಕುದುರೆ ಜೂಜಿನ ಮೈದಾನಗಳಲ್ಲಿ ಇಟ್ಟರು. ಕೆಲವು ಕುಟುಂಬಗಳು ಕುದುರೆ ಲಾಯದಲ್ಲೇ ಸಂಸಾರ ಹೂಡಬೇಕಾಯಿತು. ಬಳಿಕ ಒಳನಾಡಿನ ಮರುಭೂಮಿ, ಜೌಗುಭೂಮಿಗಳಲ್ಲಿ ಕಟ್ಟಿದ ಹತ್ತು ಶಿಬಿರಗಳಿಗೆ ಸಾಗಿಸಿದರು. ಸುತ್ತ ಮುಳ್ಳುತಂತಿ, ಮೂಲೆಯಲ್ಲಿ ಕಾವಲು ಗೋಪುರ. ಹವಾಯಿಯಲ್ಲಿ ಮಾತ್ರ ಹೀಗಾಗಲಿಲ್ಲ. ಅಲ್ಲಿನ ಜನಸಂಖ್ಯೆಯ ಮೂರನೆಯ ಒಂದು ಭಾಗ ಜಪಾನಿ ಮೂಲದವರೇ. ಅವರನ್ನೆಲ್ಲ ಕೂಡಿಹಾಕಿದರೆ ದ್ವೀಪದ ಕೆಲಸವೇ ನಿಂತುಹೋಗುತ್ತಿತ್ತು! ಅಪಾಯ ನಿಜವಾಗಿದ್ದರೆ ಯುದ್ಧಕ್ಕೆ ಹತ್ತಿರವಿದ್ದ ಹವಾಯಿಯಲ್ಲಲ್ಲವೇ ಮೊದಲು ಹಿಡಿಯಬೇಕಾಗಿದ್ದುದು? ಓದುಗರೇ ಯೋಚಿಸಲಿ.

ಒಂದೇ ಸೈನ್ಯದಲ್ಲಿದ್ದ ಇಬ್ಬರು

ಕ್ಯಾಲಿಫೋರ್ನಿಯದ ಮಂಜನಾರ್ ಶಿಬಿರದಲ್ಲಿ ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಇಬ್ಬರು ಮಾಜಿ ಸೈನಿಕರಿದ್ದರು.

ಒಬ್ಬರು ಜೋಸೆಫ್ ಕುರಿಹಾರ. ಹುಟ್ಟಿದ್ದು ಹವಾಯಿಯಲ್ಲಿ. ಜಪಾನನ್ನು ಕಣ್ಣಿನಿಂದಲೂ ಕಂಡವರಲ್ಲ. ಅಮೆರಿಕದ ಸಮವಸ್ತ್ರ ತೊಟ್ಟು ಯೂರೋಪಿಗೆ ಹೋಗಿ ಬಂದಿದ್ದವರು. ಮತ್ತೊಬ್ಬರು ಟೊಕುಟಾರೊ ಸ್ಲೋಕಮ್. ಹುಟ್ಟಿದ್ದು ಜಪಾನಿನಲ್ಲಿ, ಬೆಳೆದದ್ದು ಅಮೆರಿಕದ ಬಿಳಿಯ ಕುಟುಂಬವೊಂದರಲ್ಲಿ. ಏಷ್ಯ ಮೂಲದ ಮಾಜಿ ಸೈನಿಕರಿಗೆ ಪೌರತ್ವ ಕೊಡಿಸಲು ವರ್ಷಗಟ್ಟಲೆ ಓಡಾಡಿ, 1935ರಲ್ಲಿ ಅದಕ್ಕೊಂದು ಕಾಯಿದೆಯನ್ನೇ ಮಾಡಿಸಿದವರಲ್ಲಿ ಅವರು ಮುಖ್ಯರು.

ಇಬ್ಬರ ಹಾದಿಯೂ ಊಹೆಗೆ ವಿರುದ್ಧವಾಗಿ ಸಾಗಿತು. ಜಪಾನಿನಲ್ಲಿ ಹುಟ್ಟಿದ ಸ್ಲೋಕಮ್ ಸರ್ಕಾರದ ಪರ ಗಟ್ಟಿಯಾಗಿ ನಿಂತರು, ಶಿಬಿರದಲ್ಲಿ ಯಾರು ಏನು ಮಾಡುತ್ತಾರೆಂದು ಗುಪ್ತ ಪೊಲೀಸರಿಗೆ ತಿಳಿಸುತ್ತಿದ್ದರು. ಅಮೆರಿಕದ ನೆಲದಲ್ಲಿ ಹುಟ್ಟಿದ ಕುರಿಹಾರ, ತಾನು ಕಾದಾಡಿದ ದೇಶವೇ ತನ್ನನ್ನು ಮುಳ್ಳುತಂತಿಯ ಹಿಂದೆ ಹಾಕಿದ್ದನ್ನು ಸಹಿಸಲಾರದೆ, ಇನ್ನು ಮುಂದೆ ತಾನು ನೂರಕ್ಕೆ ನೂರು ಜಪಾನೀಯನೆಂದು ಸಾರಿದರು.

ಅದೇ ಶಿಬಿರದಲ್ಲಿದ್ದ ಮೂರನೆಯ ವ್ಯಕ್ತಿ ಕಾರ್ಲ್ ಯೊನೆಡ. ಕ್ಯಾಲಿಫೋರ್ನಿಯದಲ್ಲಿ ಹುಟ್ಟಿ ಜಪಾನಿನಲ್ಲಿ ಓದಿದ ಕಿಬೆಯಿ. ಆ ಕಾರಣಕ್ಕೆ ಜಪಾನಿನ ಪಕ್ಷಪಾತಿಯಾಗಿರಬೇಕೆಂದು ಯಾರಾದರೂ ಊಹಿಸಬಹುದಿತ್ತು. ಆದರೆ ಅವರು ಜಪಾನಿನ ಸೈನ್ಯಕ್ಕೆ ಸೇರಬೇಕಾದೀತೆಂದು 1926ರಲ್ಲಿ ತಪ್ಪಿಸಿಕೊಂಡು ಬಂದ ಕಾರ್ಮಿಕ ಮುಖಂಡರು. ಜಪಾನಿನ ಸೈನ್ಯಾಡಳಿತವನ್ನು ಸೋಲಿಸುವುದೇ ಮೊದಲ ಕೆಲಸ, ಶಿಬಿರದ ಅನ್ಯಾಯವನ್ನು ಆಮೇಲೆ ನೋಡಿಕೊಳ್ಳೋಣ ಎಂಬುದು ಅವರ ವಾದ. ಶಿಬಿರದಲ್ಲಿ ಹಲವರು ಅವರನ್ನು ‘ಇನು’ ಎಂದು ಕರೆದರು. ಇನು ಎಂದರೆ ನಾಯಿ. ಒಳಗಿನ ಸುದ್ದಿಯನ್ನು ಯಜಮಾನನಿಗೆ ಮುಟ್ಟಿಸುವವನು ಎಂಬ ಅರ್ಥದಲ್ಲಿ. 1942ರ ಡಿಸೆಂಬರ್ ಮೊದಲ ವಾರದಲ್ಲಿ ಯೊನೆಡ ಸೈನ್ಯದ ಭಾಷಾ ವಿಭಾಗಕ್ಕೆ ಸ್ವಯಂಸೇವಕರಾಗಿ ಹೊರಟರು. ಮುಂದೆ ಅವರು ಭಾರತ ಮತ್ತು ಬರ್ಮ ರಂಗದಲ್ಲಿ, ಜಪಾನಿ ಸೈನಿಕರನ್ನು ಉದ್ದೇಶಿಸಿದ ಕರಪತ್ರಗಳನ್ನೂ ಪ್ರಚಾರವನ್ನೂ ಸಿದ್ಧಪಡಿಸುವ ಕೆಲಸ ಮಾಡಿದರು.

ಅವರು ಹೊರಟ ಕೆಲವೇ ದಿನಗಳಲ್ಲಿ ಮಂಜನಾರಿನಲ್ಲಿ ಗಲಭೆಯೆದ್ದಿತು. ಡಿಸೆಂಬರ್ 5ರ ರಾತ್ರಿ, ಸರ್ಕಾರದೊಡನೆ ಸಹಕರಿಸಬೇಕೆನ್ನುತ್ತಿದ್ದ ಒಬ್ಬ ನಿಸೆಯಿ ಮುಖಂಡರಿಗೆ ಮುಸುಕುಧಾರಿಗಳು ಹೊಡೆದರು. ಅದಕ್ಕಾಗಿ ಬಂಧಿಸಿದ್ದು ಅಡುಗೆಮನೆಯ ಕೆಲಸಗಾರರೊಬ್ಬರನ್ನು. ಶಿಬಿರದ ಪಾಲಿನ ಸಕ್ಕರೆ, ಮಾಂಸ ಅಧಿಕಾರಿಗಳಿಂದಲೇ ಕಳುವಾಗುತ್ತಿದೆ ಎಂದು ದೂರಿ ಸಂಘ ಕಟ್ಟಿದ್ದವರು ಅವರು. ಮರುದಿನ ಜನ ಸೇರಿದರು. ಕುರಿಹಾರ ಆ ಸಭೆಯಲ್ಲಿ ಸಿಟ್ಟಿನಿಂದ ಮಾತನಾಡಿದರು. ಸ್ಲೋಕಮ್ ಮುಂತಾದ ‘ಇನು’ಗಳನ್ನು ಮುಗಿಸಬೇಕೆಂಬ ಕೂಗೆದ್ದಿತು. ಸಂಜೆ ಸೈನಿಕರು ಗುಂಡು ಹಾರಿಸಿ ಇಬ್ಬರು ಯುವಕರು ಸತ್ತರು. ಆ ರಾತ್ರಿಯೇ ಸ್ಲೋಕಮ್ ಮುಂತಾದವರನ್ನೂ, ಯೊನೆಡರ ಪತ್ನಿ ಮತ್ತು ಪುಟ್ಟ ಮಗನನ್ನೂ ಶಿಬಿರದಿಂದ ಹೊರಗೆ ಸಾಗಿಸಿ ಬದುಕಿಸಬೇಕಾಯಿತು.

ಅಮೆರಿಕದ ಪೌರತ್ವವನ್ನು ಬಿಟ್ಟುಕೊಟ್ಟ ಕುರಿಹಾರ, ಯುದ್ಧ ಮುಗಿದ ಮೇಲೆ, ಎಂದೂ ಕಾಣದ ಜಪಾನಿಗೆ ಹಡಗು ಹತ್ತಿದರು. ಬಾಂಬಿನಿಂದ ಸುಟ್ಟು ಹಸಿದಿದ್ದ ದೇಶ ಅದು. 1965ರಲ್ಲಿ ಅಲ್ಲೇ ತೀರಿಕೊಂಡರು.

ಇಪ್ಪತ್ತೇಳು, ಇಪ್ಪತ್ತೆಂಟು

1943ರ ಆರಂಭದ ತನಕ ಶಿಬಿರಗಳಲ್ಲಿ ಭಿನ್ನಾಭಿಪ್ರಾಯಗಳಿದ್ದರೂ ಪ್ರತಿಯೊಬ್ಬನೂ ತಾನು ಇಂಥ ಕಡೆ ಎಂದು ಬರೆದುಕೊಡಬೇಕಾಗಿರಲಿಲ್ಲ. ಫೆಬ್ರವರಿಯಲ್ಲಿ ಆ ದಿನವೂ ಬಂತು. ಸೈನ್ಯಕ್ಕೆ ನಿಸೆಯಿ ಯುವಕರು ಬೇಕಾಗಿದ್ದರು; ಶಿಬಿರಗಳ ಆಡಳಿತಕ್ಕೆ, ಯಾರನ್ನು ಹೊರಗಿನ ಕೆಲಸಕ್ಕೆ ಬಿಡಬಹುದು ಎಂದು ತಿಳಿಯಬೇಕಾಗಿತ್ತು. ಹದಿನೇಳು ತುಂಬಿದ ಎಲ್ಲರಿಗೂ ಒಂದು ಉದ್ದನೆಯ ಪ್ರಶ್ನಾವಳಿ ಹಂಚಲಾಯಿತು. ಯಾವ ಪತ್ರಿಕೆ ಓದುತ್ತೀರಿ, ಯಾವ ಆಟ ಆಡುತ್ತೀರಿ, ಜಪಾನಿನಲ್ಲಿ ನೆಂಟರಿದ್ದಾರೆಯೇ ಎಂದೆಲ್ಲ ಕೇಳಿದ ಮೇಲೆ ಕೊನೆಯಲ್ಲಿ ಎರಡು ಪ್ರಶ್ನೆ. ಆದೇಶ ಬಂದಲ್ಲಿಗೆ ಹೋಗಿ ಅಮೆರಿಕದ ಸೈನ್ಯದಲ್ಲಿ ಹೋರಾಡುವಿರಾ ಎಂದು ಯುವಕರನ್ನು ಕೇಳಿದ್ದು 27ನೆಯ ಪ್ರಶ್ನೆ. ಅಮೆರಿಕಕ್ಕೆ ಸಂಪೂರ್ಣ ನಿಷ್ಠೆಯನ್ನು ಪ್ರಮಾಣ ಮಾಡಿ, ಜಪಾನಿನ ಚಕ್ರವರ್ತಿಗೆ ಯಾವುದೇ ನಿಷ್ಠೆಯನ್ನು ತೊರೆಯುವಿರಾ ಎಂಬುದು 28ನೆಯದು.

ಹೊರಗಿನಿಂದ ನೋಡಿದರೆ ಸರಳ ಪ್ರಶ್ನೆ. ಒಳಗಿದ್ದವರಿಗೆ ಅತ್ತ ದರಿ, ಇತ್ತ ಪುಲಿ. ಇಸೆಯಿ ತಂದೆಯೊಬ್ಬ 28ಕ್ಕೆ ‘ಹೌದು’ ಎಂದರೆ ತನಗಿದ್ದ ಒಂದೇ ಪೌರತ್ವವನ್ನು ಕಳೆದುಕೊಂಡಂತೆ. ಅಮೆರಿಕ ಅವನನ್ನು ಪ್ರಜೆಯಾಗಿ ಸ್ವೀಕರಿಸುವುದಿಲ್ಲ, ಜಪಾನನ್ನು ಅವನೇ ಬಿಟ್ಟ. ಯಾವ ದೇಶವೂ ಇಲ್ಲದವನಾಗುತ್ತಾನೆ. ಈ ಎಡವಟ್ಟು ಅಧಿಕಾರಿಗಳಿಗೆ ತಡವಾಗಿ ಹೊಳೆದು, ಇಸೆಯಿಗಳಿಗೆ ಅಮೆರಿಕದ ಕಾನೂನಿಗೆ ತಕ್ಕಂತೆ ನಡೆಯುವಿರಾ ಎಂದು ಮಾತ್ರ ಕೇಳುವಂತೆ ಪ್ರಶ್ನೆ ತಿದ್ದಿದರು. ನಿಸೆಯಿಗಳಿಗೆ ಇನ್ನೊಂದು ಸಂಕಟ. ತಾನೆಂದೂ ಚಕ್ರವರ್ತಿಗೆ ನಿಷ್ಠೆ ತೋರಿದವನೇ ಅಲ್ಲ. ಈಗ ‘ತೊರೆಯುತ್ತೇನೆ’ ಎಂದರೆ ಇಷ್ಟು ದಿನ ಇತ್ತೆಂದು ಒಪ್ಪಿದ ಹಾಗಾಗುವುದಿಲ್ಲವೇ? ಪ್ರಶ್ನೆ ಬರೆದವರಿಗೆ ಈ ಸೂಕ್ಷ್ಮ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಕೆಲವರು ‘ನನ್ನ ತಂದೆಯನ್ನು ಬಿಡುಗಡೆ ಮಾಡಿದರೆ ಹೌದು’, ‘ನನ್ನ ಪ್ರಜಾಹಕ್ಕು ಹಿಂದಿರುಗಿಸಿದರೆ ಹೌದು’ ಎಂದು ಷರತ್ತು ಹಾಕಿ ಬರೆದರು. ಷರತ್ತಿನ ಹೌದನ್ನು ‘ಇಲ್ಲ’ ಎಂದೇ ಲೆಕ್ಕ ಹಾಕಲಾಯಿತು.

ಬಹುಪಾಲು ಜನ ಎರಡಕ್ಕೂ ಹೌದೆಂದರು. ಇಲ್ಲವೆಂದವರನ್ನೂ ಷರತ್ತು ಹಾಕಿದವರನ್ನೂ ಅವರ ಕುಟುಂಬಗಳನ್ನೂ ಕ್ಯಾಲಿಫೋರ್ನಿಯದ ಉತ್ತರ ಗಡಿಯ ಟೂಲಿ ಲೇಕ್ ಶಿಬಿರಕ್ಕೆ ಬೇರ್ಪಡಿಸಿ ಕಳಿಸಿದರು. ಹಾಗೆ ಹೋದವರು ಸುಮಾರು 12,000. ಆ ಶಿಬಿರದ ಜನಸಂಖ್ಯೆ ಒಂದು ಕಾಲಕ್ಕೆ 18,000 ಮೀರಿತು. ಅಲ್ಲಿ ಬೆಳಗಾದರೆ ತಲೆಗೆ ಪಟ್ಟಿ ಕಟ್ಟಿಕೊಂಡು, ಕಹಳೆ ಊದಿ, ಜಪಾನಿನ ಕಡೆ ತಿರುಗಿ ಕವಾಯತು ಮಾಡುವ ಗುಂಪುಗಳು ಹುಟ್ಟಿಕೊಂಡವು. ಅವರ ಒತ್ತಡ, ಅಧಿಕಾರಿಗಳ ಬಿಗಿ, ಸಂಸಾರ ಚದುರಿಹೋದೀತೆಂಬ ಹೆದರಿಕೆ ಎಲ್ಲ ಸೇರಿ, 1944ರ ಒಂದು ಹೊಸ ಕಾಯಿದೆಯಡಿ 5,000ಕ್ಕೂ ಹೆಚ್ಚು ಮಂದಿ ಅಮೆರಿಕದ ಪೌರತ್ವವನ್ನೇ ತ್ಯಜಿಸಿದರು. ವೇಯ್ನ್ ಕಾಲಿನ್ಸ್ ಎಂಬ ವಕೀಲರು 1968ರವರೆಗೂ ಕೋರ್ಟುಗಳಲ್ಲಿ ಹೋರಾಡಿ, ಅವರಲ್ಲಿ ಬಹುಪಾಲು ಜನರಿಗೆ ಅದನ್ನು ಮರಳಿ ಕೊಡಿಸಿದರು.

ಈ ಉತ್ತರಗಳ ಪಟ್ಟಿಯನ್ನು ನೋಡಿ ಇವನು ಜಪಾನಿನ ಪ್ರೇಮಿ, ಇವನು ಅಮೆರಿಕದ ಪ್ರೇಮಿ ಎಂದು ವಿಂಗಡಿಸುವುದು ಸುಲಭ. ಆದರೆ ಅದು ಸರಿಯೆನ್ನಲು ಆಗದು. ಹೌದೆಂದು ಬರೆದವನಿಗೂ ಇಲ್ಲವೆಂದು ಬರೆದವನಿಗೂ ಪೆಟ್ಟು ಬಿದ್ದದ್ದು ಒಂದೇ ಜಾಗದಲ್ಲಿ. ‘ನಾನು ಈ ದೇಶದವನೆಂದು ರಕ್ತ ಕೊಟ್ಟು ತೋರಿಸುತ್ತೇನೆ’ ಎಂದ ಒಬ್ಬ. ‘ನಾನು ಈ ದೇಶದವನಾದರೆ ಮೊದಲು ನನ್ನನ್ನು ಹಾಗೆ ನಡೆಸಿಕೊಳ್ಳಿ’ ಎಂದ ಇನ್ನೊಬ್ಬ. ಜಪಾನಿನ ಹಂಬಲದಿಂದ ಇಲ್ಲವೆಂದವರೂ ಇದ್ದರು, ಅವರಷ್ಟೇ ಇರಲಿಲ್ಲ.

ಸಮವಸ್ತ್ರ ತೊಟ್ಟವರು

ಸೈನ್ಯ ಕರೆ ಕೊಟ್ಟಾಗ ಹವಾಯಿಯಿಂದ 1,500 ಜನ ಸಾಕೆಂದಿತ್ತು. ಮುಂದೆ ಬಂದವರು ಹತ್ತು ಸಾವಿರದ ಹತ್ತಿರ. ಮುಖ್ಯಭೂಮಿಯ ಹತ್ತು ಶಿಬಿರಗಳಿಂದ ಬಂದ ಸ್ವಯಂಸೇವಕರು ಸುಮಾರು 1,200 ಮಾತ್ರ. ಈ ಎರಡು ಗುಂಪುಗಳನ್ನು ಸೇರಿಸಿ 442ನೆಯ ರೆಜಿಮೆಂಟನ್ನು ಕಟ್ಟಿದರು. ತರಬೇತಿ ಮಿಸಿಸಿಪಿಯ ಕ್ಯಾಂಪ್ ಶೆಲ್ಬಿಯಲ್ಲಿ.

ಮೊದಲ ದಿನಗಳಲ್ಲಿ ಅವರು ಜಪಾನೀಯರ ಮೇಲೂ ಜರ್ಮನರ ಮೇಲೂ ಅಲ್ಲ, ತಮ್ಮತಮ್ಮೊಳಗೇ ಕಾದಾಡಿದರು! ಹವಾಯಿಯ ಹುಡುಗರು ನಕ್ಕು ನಲಿದು, ಇದ್ದ ಹಣವನ್ನು ಹಂಚಿ ತಿನ್ನುವವರು. ಮುಖ್ಯಭೂಮಿಯ ಹುಡುಗರು ಮೌನಿಗಳು, ಕಾಸು ಬಿಚ್ಚದವರು. ಹವಾಯಿಯವರು ಇವರಿಗೆ ‘ಕೊಟೊಂಕ್’ ಎಂದು ಹೆಸರಿಟ್ಟರು. ಹೊಡೆದು ಕೆಡವಿದಾಗ ಟೊಳ್ಳು ತಲೆ ನೆಲಕ್ಕೆ ಬಡಿದು ಬರುವ ಸದ್ದಂತೆ ಅದು. ಮುಂದೆ ಅಮೆರಿಕದ ಸೆನೆಟ್ ಸದಸ್ಯರಾದ ಡೇನಿಯಲ್ ಇನೋಯೆ ಆಗ ಹವಾಯಿಯಿಂದ ಬಂದ ಯುವಕ. ಈ ಜಗಳ ತಣ್ಣಗಾದ ಬಗೆಯನ್ನು ಅವರು ಹಲವು ಸಲ ಹೇಳಿದ್ದಾರೆ. ಹವಾಯಿಯ ಹುಡುಗರನ್ನು ಬಸ್ಸಿನಲ್ಲಿ ಅರ್ಕಾನ್ಸಾ ರಾಜ್ಯದ ರೋವರ್ ಶಿಬಿರಕ್ಕೆ ಒಂದು ಭೇಟಿಗೆ ಕಳಿಸಲಾಯಿತು. ಅವರಲ್ಲಿ ಬಹಳಷ್ಟು ಮಂದಿಗೆ ಇಂಥ ಶಿಬಿರಗಳಿರುವುದೇ ಗೊತ್ತಿರಲಿಲ್ಲ. ಹೋಗುವಾಗ ಹಾಡು, ವಾದ್ಯ. ಮುಳ್ಳುತಂತಿ, ಬಂದೂಕು ಹಿಡಿದ ಕಾವಲುಗಾರರು, ಒಳಗಿದ್ದೂ ತಮ್ಮ ಪಾಲಿನ ರೇಷನ್ನು ಉಳಿಸಿ ಅತಿಥಿಗಳಿಗೆ ಔತಣ ಮಾಡಿದ ಕುಟುಂಬಗಳು, ಇವನ್ನೆಲ್ಲ ಕಂಡು ಮರಳುವಾಗ ಬಸ್ಸಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಇಂಥ ಜಾಗದಲ್ಲಿ ತಾನಿದ್ದಿದ್ದರೆ ಸೈನ್ಯಕ್ಕೆ ಸೇರುತ್ತಿದ್ದೆನೇ ಎಂಬ ಪ್ರಶ್ನೆ ತನ್ನನ್ನು ಬಿಡಲಿಲ್ಲವೆಂದು ಇನೋಯೆ ಹೇಳುತ್ತಿದ್ದರು. ಅವರು 1945ರ ಏಪ್ರಿಲ್‌ನಲ್ಲಿ ಇಟಲಿಯ ಕದನದಲ್ಲಿ ಬಲಗೈ ಕಳೆದುಕೊಂಡರು.

442ರ ಶೌರ್ಯದ ಕಥೆ ದೊಡ್ಡದು. ಇಲ್ಲಿ ಒಂದೇ ಪ್ರಸಂಗ ಸಾಕು. 1944ರ ಅಕ್ಟೋಬರ್ ಕೊನೆಯಲ್ಲಿ ಫ್ರಾನ್ಸಿನ ವೋಜ್ ಬೆಟ್ಟಗಳಲ್ಲಿ ಜರ್ಮನರ ನಡುವೆ ಸಿಕ್ಕಿಬಿದ್ದಿದ್ದ ಟೆಕ್ಸಸ್ ಪಡೆಯ 211 ಸೈನಿಕರನ್ನು ಅವರು ಬಿಡಿಸಿ ತಂದರು. ಅದಕ್ಕಾಗಿ ಸತ್ತವರು, ಗಾಯಗೊಂಡವರು ಒಟ್ಟು ಸುಮಾರು 800. ಈ ಸೈನಿಕರಲ್ಲಿ ಹಲವರ ತಂದೆತಾಯಿಗೆ ಮಗ ಸತ್ತ ಸುದ್ದಿಯ ತಂತಿ ತಲುಪಿದ್ದು ಶಿಬಿರದ ವಿಳಾಸಕ್ಕೆ.

ಜಪಾನಿ ಬಲ್ಲವರನ್ನು ಪೆಸಿಫಿಕ್ ರಂಗಕ್ಕೆ ದುಭಾಷಿಗಳಾಗಿ ಕಳಿಸಿದರು. ಹ್ಯಾರಿ ಫುಕುಹಾರ ಹುಟ್ಟಿದ್ದು ಸಿಯಾಟಲಿನಲ್ಲಿ. ತಂದೆ ತೀರಿದ ಮೇಲೆ ತಾಯಿಯೊಂದಿಗೆ ಹಿರೋಶಿಮಕ್ಕೆ ಹೋಗಿ, 1938ರಲ್ಲಿ ಒಬ್ಬರೇ ಮರಳಿದ್ದರು. ಶಿಬಿರದಿಂದಲೇ ಸೈನ್ಯ ಸೇರಿದರು. ನ್ಯೂಗಿನಿಯಲ್ಲಿ ಕೈದಿಗಳನ್ನು ಪ್ರಶ್ನಿಸುತ್ತಿದ್ದಾಗ, ಹಿರೋಶಿಮದಲ್ಲಿ ತಮ್ಮ ನೆರೆಯವನಾಗಿದ್ದ ಯುವಕನೊಬ್ಬ ಆ ಕೈದಿಗಳ ನಡುವೆ ಎದುರಾದ. ಅಷ್ಟೇ ಅಲ್ಲ, 1945ರಲ್ಲಿ ಜಪಾನಿನ ದಕ್ಷಿಣ ತುದಿಯಲ್ಲಿ ಅಮೆರಿಕದ ಪಡೆ ಇಳಿಯಬೇಕೆಂದು ನಿಶ್ಚಯವಾಗಿತ್ತು. ಹ್ಯಾರಿ ಆ ಪಡೆಯಲ್ಲಿ ಬರಬೇಕಾಗಿದ್ದವರು. ಅವರ ತಮ್ಮ ಫ್ರಾಂಕ್ ಎದುರು ಕಡೆಯಲ್ಲಿ ಆತ್ಮಾಹುತಿ ದಾಳಿಗೆ ತರಬೇತಿ ಪಡೆಯುತ್ತಿದ್ದರು. ಯುದ್ಧ ಮುಗಿದದ್ದರಿಂದ ಆ ಭೇಟಿ ತಪ್ಪಿತು. ಹ್ಯಾರಿ ಹಿರೋಶಿಮಕ್ಕೆ ಹೋದಾಗ ತಾಯಿ ಬದುಕಿದ್ದರು. ಅಣುಬಾಂಬಿನ ವಿಕಿರಣಕ್ಕೆ ಸಿಕ್ಕಿದ್ದ ಹಿರಿಯಣ್ಣ ಮಾತ್ರ ಬಹುಕಾಲ ಉಳಿಯಲಿಲ್ಲ.

ಸೆರೆಮನೆಗೆ ಹೋದವರು

1944ರ ಜನವರಿಯಲ್ಲಿ ನಿಸೆಯಿಗಳಿಗೆ ಸೈನ್ಯ ಸೇವೆ ಕಡ್ಡಾಯವಾಯಿತು. ವಯೋಮಿಂಗ್ ರಾಜ್ಯದ ಹಾರ್ಟ್ ಮೌಂಟನ್ ಶಿಬಿರದ ಯುವಕರು ಕೆಲವರು ಸಂಘ ಕಟ್ಟಿ, ‘ಮೊದಲು ನಮ್ಮ ಕುಟುಂಬಗಳನ್ನು ಬಿಡಿ, ಆಮೇಲೆ ಸಂತೋಷದಿಂದ ಬರುತ್ತೇವೆ’ ಎಂದು ನಿಂತರು. 63 ಮಂದಿಗೆ ಒಟ್ಟಿಗೆ ಮೂರು ಮೂರು ವರ್ಷ ಸಜೆಯಾಯಿತು. ಎಲ್ಲ ಶಿಬಿರಗಳಿಂದ ಹೀಗೆ ಕೇಸಿಗೊಳಗಾದವರು ಸುಮಾರು 300. ಒಬ್ಬ ನ್ಯಾಯಾಧೀಶರು ಮಾತ್ರ, ಒಬ್ಬನನ್ನು ಅನುಮಾನದ ಮೇಲೆ ಕೂಡಿಹಾಕಿ ಆಮೇಲೆ ಸೈನ್ಯಕ್ಕೆ ಬರಲಿಲ್ಲವೆಂದು ಶಿಕ್ಷಿಸುವುದು ಅಂತಃಕರಣ ಒಪ್ಪದ ಮಾತು ಎಂದು ಟೂಲಿ ಲೇಕ್‌ನ 27 ಜನರ ಮೇಲಿನ ಕೇಸನ್ನು ತಳ್ಳಿಹಾಕಿದರು. ಉಳಿದವರಿಗೆ 1947ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರೂಮನ್ ಕ್ಷಮಾದಾನ ನೀಡಿದರು.

ಸರ್ಕಾರ ಕ್ಷಮಿಸಿತು, ನೆರೆಹೊರೆಯವರು ಕ್ಷಮಿಸಲಿಲ್ಲ. ಮಗನನ್ನು ಕಳೆದುಕೊಂಡ ತಾಯಿ, ಸೆರೆಯಿಂದ ಬಂದ ಮಗನ ತಾಯಿಯೊಡನೆ ಚರ್ಚಿನಲ್ಲೂ ಅಂಗಡಿಯಲ್ಲೂ ಹೇಗೆ ಮಾತನಾಡಬೇಕು? ‘ಇವರಿಂದ ನಮಗೆಲ್ಲ ಕೆಟ್ಟ ಹೆಸರು’ ಎಂದು ಮಾಜಿ ಸೈನಿಕರು. ‘ಇವರು ತಲೆಬಾಗಿದ್ದರಿಂದಲೇ ನಾವು ಒಂಟಿಯಾದೆವು’ ಎಂದು ಸೆರೆಯಿಂದ ಬಂದವರು. ಪಶ್ಚಿಮ ಕರಾವಳಿಯ ಜಪಾನೀಯರಲ್ಲಿ ಒಬ್ಬರೂ ಬೇಹುಗಾರಿಕೆಯನ್ನಾಗಲಿ ವಿಧ್ವಂಸವನ್ನಾಗಲಿ ಮಾಡಿದ ದಾಖಲೆಯಿಲ್ಲವೆಂದು ಸರ್ಕಾರದ ಆಯೋಗವೇ 1980ರ ದಶಕದಲ್ಲಿ ಹೇಳಿತು. 1988ರ ಕಾಯಿದೆಯಂತೆ, ಆಗ ಬದುಕಿದ್ದ ಪ್ರತಿಯೊಬ್ಬ ಶಿಬಿರವಾಸಿಗೂ ಕ್ಷಮೆಯೊಂದಿಗೆ 20,000 ಡಾಲರ್ ಕೊಡಲಾಯಿತು. ಆ ಹೊತ್ತಿಗೂ ಈ ಮನೆಯೊಳಗಿನ ಬಿರುಕು ಮುಚ್ಚಿರಲಿಲ್ಲ. ಯುದ್ಧಕಾಲದಲ್ಲಿ ಸೈನ್ಯ ಸೇವೆಯನ್ನು ಪ್ರತಿಪಾದಿಸಿ, ನಿರಾಕರಿಸಿದವರನ್ನು ಖಂಡಿಸಿದ್ದ ಜಪಾನಿ ಅಮೆರಿಕನ್ ನಾಗರಿಕರ ಸಂಘ ಅವರ ಕ್ಷಮೆ ಕೇಳಿದ್ದು 2002ರಲ್ಲಿ. ಆಗಲೂ ಮಾಜಿ ಸೈನಿಕರಲ್ಲಿ ಕೆಲವರು ಅದನ್ನು ವಿರೋಧಿಸಿದರು, ಕೆಲವರು ಎದ್ದುಬಂದು ಕೈ ಕುಲುಕಿದರು. ಎಲ್ಲರಿಗೂ ಎಂಬತ್ತರ ಆಸುಪಾಸಿನ ವಯಸ್ಸು.

ಸೈನಿಕ ಬರೆದ ಕಾದಂಬರಿ

ಈ ಒಡಕನ್ನು ಮೊದಲಿಗೆ ಕಾದಂಬರಿಯಾಗಿಸಿದವರು ಜಾನ್ ಒಕಾಡ. 1923ರಲ್ಲಿ ಸಿಯಾಟಲಿನಲ್ಲಿ ಹುಟ್ಟಿದ ನಿಸೆಯಿ. ಐಡಹೊ ರಾಜ್ಯದ ಮಿನಿಡೋಕ ಶಿಬಿರದಲ್ಲಿದ್ದು, ಮುಂದೆ ಸೈನ್ಯ ಸೇರಿ, ಪೆಸಿಫಿಕ್ ಸಾಗರದ ಮೇಲೆ ಹಾರುವ ವಿಮಾನಗಳಲ್ಲಿ ದುಭಾಷಿಯಾಗಿ ಕೆಲಸ ಮಾಡಿದರು. ಅದೇ ಸಿಯಾಟಲಿನ, ಅದೇ ಮಿನಿಡೋಕದ, ಅವರಿಗೆ ಪರಿಚಿತರಾಗಿದ್ದ ಹಾಜಿಮೆ ಅಕುತ್ಸು ಸೈನ್ಯಕ್ಕೆ ಹೋಗಲು ಒಪ್ಪದೆ ಮೆಕ್‌ನೀಲ್ ದ್ವೀಪದ ಸೆರೆಮನೆ ಸೇರಿದರು. ಒಕಾಡ ಕಾದಂಬರಿ ಬರೆದಾಗ ಅದರ ನಾಯಕ ತಮ್ಮಂಥ ಸೈನಿಕನಲ್ಲ, ಅಕುತ್ಸುವಿನಂಥವನು. 1957ರಲ್ಲಿ ಬಂದ ಆ ಪುಸ್ತಕದ ಹೆಸರು ‘ನೋ-ನೋ ಬಾಯ್’. ಎರಡೂ ಪ್ರಶ್ನೆಗೆ ಇಲ್ಲವೆಂದು ಬರೆದವರೂ, ಸೈನ್ಯದ ಕರೆಯನ್ನು ನಿರಾಕರಿಸಿ ಸೆರೆಗೆ ಹೋದವರೂ ಬೇರೆ ಬೇರೆ ಗುಂಪಿನವರು. ಆದರೆ ಈ ಪುಸ್ತಕ ಬಂದ ಮೇಲೆ ಇಬ್ಬರಿಗೂ ಅದೇ ಹೆಸರು ಅಂಟಿತು.

ಕಾದಂಬರಿಯ ಇಚಿರೊ ಎರಡು ವರ್ಷ ಸೆರೆಯಲ್ಲಿದ್ದು ಊರಿಗೆ ಬರುತ್ತಾನೆ. ಬಸ್ಸಿಳಿದ ಸ್ವಲ್ಪ ಹೊತ್ತಿನಲ್ಲೇ ಸಮವಸ್ತ್ರದ ಹಳೆಯ ಪರಿಚಿತನೊಬ್ಬ ಅವನ ಮೇಲೆ ಉಗುಳುತ್ತಾನೆ. ಅವನ ತಮ್ಮನಿಗೇ ಅಣ್ಣನೆಂದರೆ ನಾಚಿಕೆ. ತಾಯಿಗೆ ಮಾತ್ರ ಹೆಮ್ಮೆ. ಜಪಾನು ಸೋತಿತೆಂಬುದನ್ನೇ ಆಕೆ ನಂಬುವುದಿಲ್ಲ, ಹಡಗು ಬಂದು ತಮ್ಮನ್ನು ಕರೆದೊಯ್ಯುತ್ತದೆಂದು ಕಾಯುತ್ತಾಳೆ. ಇದು ಲೇಖಕರ ಅತಿಶಯೋಕ್ತಿಯೆಂದು ತಳ್ಳಿಹಾಕಬೇಡಿ. ಬ್ರೆಜಿಲ್ ದೇಶದ ಜಪಾನಿ ವಲಸಿಗರಲ್ಲಿ ಜಪಾನು ಗೆದ್ದಿದೆ ಎಂದು ನಂಬಿದವರು ಬಹಳವಾಗಿ, ಸೋತಿದೆ ಎಂದು ಒಪ್ಪಿದ ತಮ್ಮವರನ್ನೇ 1946, 1947ರಲ್ಲಿ ಗುಂಡಿಟ್ಟು ಕೊಂದರು. ಸತ್ತವರು ಇಪ್ಪತ್ತಕ್ಕೂ ಹೆಚ್ಚು.

ಇಚಿರೊನನ್ನು ಮನುಷ್ಯನಂತೆ ಕಾಣುವ ಗೆಳೆಯ ಕೆಂಜಿ, ಯುದ್ಧದಲ್ಲಿ ಕಾಲು ಕಳೆದುಕೊಂಡ ಸೈನಿಕ. ಉಳಿದ ಮೋಟುಗಾಲೂ ಕೊಳೆಯುತ್ತಿದೆ. ಹೆಚ್ಚು ದಿನ ಬದುಕುವುದಿಲ್ಲ. ಒಬ್ಬನಿಗೆ ಪದಕವಿದೆ, ಆಯುಷ್ಯವಿಲ್ಲ. ಇನ್ನೊಬ್ಬನಿಗೆ ಆಯುಷ್ಯವಿದೆ, ಮಾನವಿಲ್ಲ. ತಮ್ಮಿಬ್ಬರ ಪಾಡನ್ನು ಅದಲುಬದಲು ಮಾಡಿಕೊಳ್ಳಬಹುದೇ ಎಂದು ಅವರು ಲೆಕ್ಕ ಹಾಕುವ ಭಾಗವೇ, ನನ್ನ ಮಟ್ಟಿಗೆ, ಇಡೀ ಪುಸ್ತಕದ ಹೃದಯ.

ಪುಸ್ತಕವನ್ನು ಬಿಳಿಯರೂ ಕೊಳ್ಳಲಿಲ್ಲ, ಜಪಾನಿ ಅಮೆರಿಕನ್ನರೂ ಕೊಳ್ಳಲಿಲ್ಲ. ಮರೆಯಬೇಕೆಂದಿದ್ದ ಗಾಯವನ್ನು ಮನೆಯವನೇ ಕೆದಕಿದನೆಂದು ಅವರಿಗೆ ಬೇಸರ. ಅಚ್ಚಾದ 1,500 ಪ್ರತಿಗಳು 1971ರಲ್ಲಿ ಒಕಾಡ ತೀರಿಕೊಂಡಾಗಲೂ ಪೂರ್ತಿ ಮುಗಿದಿರಲಿಲ್ಲ. ಆಮೇಲೆ ಏಷ್ಯ ಮೂಲದ ಕೆಲವು ಕಿರಿಯ ಲೇಖಕರು ಹಳೆ ಪುಸ್ತಕದಂಗಡಿಯಲ್ಲಿ ಅದನ್ನು ಕಂಡು, ಲೇಖಕರನ್ನು ಹುಡುಕಿಕೊಂಡು ಹೋದರು. ಕಾಲ ಮೀರಿತ್ತು. ತಾವೇ ಹಣ ಹೊಂದಿಸಿ 1976ರಲ್ಲಿ ಮರುಮುದ್ರಿಸಿದರು. ಇಂದು ಅದು ಅಮೆರಿಕದ ಅನೇಕ ಕಾಲೇಜುಗಳಲ್ಲಿ ಪಠ್ಯ. ಒಕಾಡ ಎರಡನೆಯದೊಂದು ಕಾದಂಬರಿಯನ್ನೂ ಬರೆಯುತ್ತಿದ್ದರು, ಇಸೆಯಿಗಳನ್ನು ಕುರಿತು. ಅವರು ಹೋದ ಮೇಲೆ ಪತ್ನಿ ಆ ಕಾಗದಗಳನ್ನು ಒಂದು ವಿಶ್ವವಿದ್ಯಾಲಯಕ್ಕೆ ಕೊಡಹೋದರು. ಅಲ್ಲಿ ಯಾರಿಗೂ ಬೇಕಿರಲಿಲ್ಲ. ಮನೆಗೆ ತಂದು ಸುಟ್ಟುಹಾಕಿದರು.